ಹಳೆಯ ಆರ್ಡರ್ ವಹಿಯಲ್ಲಿ ಗಿರಾಕಿಗಳ ಕಾರ್ಡ್ ನಂಬರುಗಳಿವೆ, ಏನು ಮಾಡುವುದು?

ಇಳಕಲ್ಲಿನ ಸೀರೆ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ಇಳಕಲ್ಲಿನಲ್ಲಿ ನಮ್ಮದೊಂದು ಸೀರೆ ಅಂಗಡಿಯಿದೆ. ಅಜ್ಜ ಮಗ್ಗ ನಡೆಸಿದರು, ಅಪ್ಪ ಅಂಗಡಿ ಹಾಕಿದರು, ಎರಡು ವರ್ಷದಿಂದ ಗಲ್ಲೆಯ ಮೇಲೆ ನಾನು ಕೂಡುತ್ತಿದ್ದೇನೆ. ಹೋದ ವಾರ ಅಟ್ಟ ಝಾಡಿಸುವಾಗ ಕೆಂಪು ಬಟ್ಟೆಯ ರಟ್ಟಿನ ಐದು ಆರ್ಡರ್ ವಹಿಗಳು ಕೈಗೆ ಸಿಕ್ಕವು. ಬಿಡಿಸಿ ನೋಡಿದರೆ ಗಿರಾಕಿಯ ಹೆಸರು, ಊರು, ಫೋನ್ ನಂಬರು, ಸೀರೆಯ ಬಣ್ಣ, ತೋಪತೆನಿ ಸೆರಗು ಬೇಕೋ ಬೇಡವೋ ಎಂಬ ಗುರುತು, ಅದರ ಕೆಳಗೆ ನಾಲ್ಕು ನಾಲ್ಕು ಅಂಕಿಗಳ ನಾಲ್ಕು ಗುಂಪು, ಪಕ್ಕದಲ್ಲಿ ತಿಂಗಳು ಮತ್ತು ವರ್ಷ, ಕೊನೆಗೆ ಮರೆಯಬಾರದೆಂದು ಸುತ್ತು ಹಾಕಿದ ಮೂರು ಅಂಕಿ. ಅದು ಗಿರಾಕಿಗಳ ಕಾರ್ಡಿನ ಪೂರ್ಣ ವಿವರವೆಂದು ತಿಳಿಯಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಹತ್ತು ವರ್ಷದ ಹಿಂದೆ ಅಂಗಡಿಗೊಂದು ಜಾಲತಾಣ ಮಾಡಿಸಿದ್ದೆವು. ಪುಣೆ, ಹುಬ್ಬಳ್ಳಿ, ಬೆಂಗಳೂರಿನ ಹಿರಿಯ ಹೆಣ್ಣುಮಕ್ಕಳಿಗೆ ಅದರಲ್ಲಿ ತಾವೇ ಹಣ ತುಂಬಲು ಬರುತ್ತಿರಲಿಲ್ಲ. ಆದ್ದರಿಂದ ಅವರು ಫೋನಿನಲ್ಲಿ ಕಾರ್ಡಿನ ಅಂಕಿಗಳನ್ನು ಓದಿ ಹೇಳುವುದು, ನಮ್ಮ ಹುಡುಗ ಅದನ್ನು ವಹಿಯಲ್ಲಿ ಬರೆದುಕೊಂಡು ಅಂಗಡಿಯ ಕಂಪ್ಯೂಟರಿನಲ್ಲಿ ತುಂಬುವುದು, ಆಮೇಲೆ “ಒಟಿಪಿ ಬಂತೇನ್ರಿ ಬಾಯಾರ? ಹೇಳ್ರಿ” ಎಂದು ಕೇಳುವುದು ರೂಢಿಯಾಯಿತು. ಮುಂದಿನ ಹಬ್ಬಕ್ಕೆ ಮತ್ತೆ ಸೀರೆ ಬೇಕಾದಾಗ ಅವರು ಕನ್ನಡಕ ಹುಡುಕುವ ತೊಂದರೆ ಬೇಡವೆಂದು ನಂಬರು ವಹಿಯಲ್ಲೇ ಉಳಿಯಿತು.

ವಹಿಗಳನ್ನು ಸುಟ್ಟುಬಿಡೋಣವೆಂದು ಹೇಳಿದ್ದಕ್ಕೆ ಅಪ್ಪ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಪಾಡ್ಯದ ದಿನ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ವಹಿಯನ್ನು ಹರಿಯುವುದು ಲಕ್ಷ್ಮಿಗೆ ಅಪಚಾರವೆಂಬುದು ಅವರ ನಂಬಿಕೆ. “ಒಬ್ಬರದೂ ಒಂದ ರೂಪಾಯಿ ಆಚೀಚೆ ಆಗಿಲ್ಲ. ನಂಬಿ ಕೊಟ್ಟಾರ, ನಂಬಿಗಿ ಉಳಿಸೇವಿ” ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೂ ರಾತ್ರಿ ಆ ವಹಿಗಳು ತಲೆಯ ಮೇಲೆಯೇ ಇವೆಯೆಂದು ನೆನಪಾದರೆ ನನಗೆ ನಿದ್ದೆ ಹತ್ತುತ್ತಿಲ್ಲ. ಸುಡಬೇಕೋ, ಮಸಿ ಬಳಿಯಬೇಕೋ, ಗಿರಾಕಿಗಳಿಗೆ ತಿಳಿಸಬೇಕೋ? ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಬೆಳಗಾವಿಯ ಲೆಕ್ಕಪರಿಶೋಧಕಿ

ತಮ್ಮಾ, ಮೊದಲು ಸುತ್ತು ಹಾಕಿದ ಆ ಮೂರು ಅಂಕಿಗಳ ಮಾತು. ಅದು ಸಿವಿವಿ, ಅಂದರೆ ಕಾರ್ಡ್ ಕೈಯಲ್ಲಿದೆಯೆಂದು ತೋರಿಸುವ ಗುಟ್ಟಿನ ಸಂಖ್ಯೆ. ಬ್ಯಾಂಕು ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅದನ್ನು ವ್ಯಾಪಾರಿಯು ಕಾಗದದ ಮೇಲಾಗಲಿ ಕಂಪ್ಯೂಟರಿನಲ್ಲಾಗಲಿ ಇಟ್ಟುಕೊಳ್ಳುವಂತಿಲ್ಲ. ಗೂಢಲಿಪಿಗೆ ತಿರುಗಿಸಿಟ್ಟಿದ್ದೇನೆ ಎಂದರೂ ನಡೆಯುವುದಿಲ್ಲ. ಪಿನ್ನಿಗೂ, ಕಾರ್ಡಿನ ಬೆನ್ನಿನ ಕಪ್ಪು ಪಟ್ಟಿಯಲ್ಲಿರುವ ಪೂರ್ಣ ಮಾಹಿತಿಗೂ ಇದೇ ಕಟ್ಟು. ಈ ಕಟ್ಟು ಬಂದದ್ದು, ಕಾರ್ಡ್ ಮಾಹಿತಿಯನ್ನು ಕಾಯಲು ಮಾಡಿದ ಪಿಸಿಐ ಡಿಎಸ್‌ಎಸ್ ಎಂಬ ಮಾನದಂಡದಿಂದ. ಅದರ ಮೊದಲ ಆವೃತ್ತಿ 2004ರ ಡಿಸೆಂಬರಿನಲ್ಲಿ ಬಂತು. 2006ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ ಎಂಬ ಐದು ಕಾರ್ಡ್ ಸಂಸ್ಥೆಗಳು ಸೇರಿ ಅದನ್ನು ನೋಡಿಕೊಳ್ಳಲು ಒಂದು ಮಂಡಳಿ ಕಟ್ಟಿದವು. ಈಗ ನಡೆಯುತ್ತಿರುವುದು 2024ರ ಜೂನಿನಲ್ಲಿ ಬಂದ 4.0.1ನೆಯ ಆವೃತ್ತಿ. ಇದು ಸರ್ಕಾರದ ಕಾಯ್ದೆಯಲ್ಲ, ಕರಾರು. ಕಾರ್ಡ್ ಮಷೀನು ಕೊಡುವಾಗ ಬ್ಯಾಂಕು ಸಹಿ ಹಾಕಿಸಿಕೊಳ್ಳುವ ಹತ್ತಿಪ್ಪತ್ತು ಹಾಳೆಗಳಲ್ಲಿ ಎಲ್ಲೋ ಒಂದು ಕಡೆ ಇದರ ಹೆಸರು ಇರುತ್ತದೆ, ಮತ್ತು ಆ ಹಾಳೆಗಳನ್ನು ಓದಿ ಸಹಿ ಹಾಕಿದ ವ್ಯಾಪಾರಿಯನ್ನು ನಾನು ಇನ್ನೂ ನೋಡಿಲ್ಲ.

ಕಾರ್ಡ್ ನಂಬರಿನ ವಿಷಯದಲ್ಲಿ ನಮ್ಮ ರಿಸರ್ವ್ ಬ್ಯಾಂಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2022ರ ಅಕ್ಟೋಬರ್ 1ರಿಂದ, ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ವೀಸಾ, ಮಾಸ್ಟರ್‌ಕಾರ್ಡಿನಂಥ ಕಾರ್ಡ್ ಜಾಲವನ್ನು ಬಿಟ್ಟು, ಪಾವತಿಯ ಸರಪಳಿಯಲ್ಲಿರುವ ಬೇರೆ ಯಾರೂ ಗಿರಾಕಿಯ ಕಾರ್ಡ್ ವಿವರವನ್ನು ಕೂಡಿಡುವಂತಿಲ್ಲ. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೆ. ದೊಡ್ಡ ದೊಡ್ಡ ಆನ್‌ಲೈನ್ ಮಳಿಗೆಗಳು ಆಗ ಕೋಟಿಗಟ್ಟಲೆ ನಂಬರುಗಳನ್ನು ಅಳಿಸಿ, ನಂಬರಿನ ಬದಲು ಬೇರೊಂದು ಸಂಕೇತ ಇಡುವ ಟೋಕನ್ ಪದ್ಧತಿಗೆ ಹೋದದ್ದು ಇದೇ ಕಾರಣಕ್ಕೆ. ಅವರೇ ಇಟ್ಟುಕೊಳ್ಳಬಾರದ್ದು ನಿಮ್ಮ ಅಟ್ಟದ ಮೇಲಿದೆ.

ಇನ್ನು ಸುಡುವ ಮಾತು. ಅವಸರ ಮಾಡಬೇಡಿ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು. ಆರ್ಡರಿನ ದಿನಾಂಕ, ಬಿಲ್ ನಂಬರು, ಮೊತ್ತ ಇವು ತೆರಿಗೆಗೆ ಬೇಕು. ಕಾರ್ಡಿನ ಅಂಕಿಗಳನ್ನು ಯಾವ ತೆರಿಗೆ ಅಧಿಕಾರಿಯೂ ಕೇಳುವುದಿಲ್ಲ. ಆದ್ದರಿಂದ ವಹಿ ಉಳಿಯಲಿ, ನಂಬರಿನ ಸಾಲು ಹೋಗಲಿ. ಕತ್ತರಿಸಿದ ಪುಟದ ಅಂಚಿಗೆ “ಕಾರ್ಡ್ ವಿವರ ತೆಗೆಯಲಾಗಿದೆ” ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿರಿ. ಮಸಿ ಬಳಿಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದದ್ದು ಹಾಳೆಯ ಬೆನ್ನಿಗೆ ಉಬ್ಬಿರುತ್ತದೆ. ಬೆಳಕಿಗೆ ಹಿಡಿದರೆ ಮಸಿಯ ಹಿಂದಿನಿಂದ ಓದಬಹುದು. ಹಾಗೆಯೇ ಅದರ ಕೆಳಗಿನ ಹಾಳೆಯನ್ನೂ ನೋಡಿರಿ.

ಕೊನೆಯದಾಗಿ, ಆ ಹುಡುಗ ನಂಬರು ತುಂಬುತ್ತಿದ್ದ ಕಂಪ್ಯೂಟರಿನ ಬ್ರೌಸರ್ ತೆರೆದು, ಉಳಿಸಿಟ್ಟ ಪಾವತಿ ವಿಧಾನಗಳು ಎಂಬಲ್ಲಿ ಏನೇನಿದೆಯೆಂದು ಈಗಲೇ ನೋಡಿರಿ. ಉತ್ತರ ತಿಳಿದರೆ ನಿಮಗೆ ಅಟ್ಟಕ್ಕಿಂತ ಅದರದೇ ಚಿಂತೆ ಹತ್ತಬಹುದು.

ವಿಜಯಪುರದ ಕಿರಾಣಿ ವರ್ತಕ

ಅಕ್ಕಾವರು ಹೇಳಿದ್ದನ್ನು ಗೌರವದಿಂದ ಓದಿದೆ. ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ. ನನ್ನ ಅಂಗಡಿಗೆ ಹತ್ತು ಗಿರಾಕಿ ಬಂದರೆ ಏಳು ಜನ ಫೋನ್ ತೋರಿಸಿ ಹಣ ಹಾಕುತ್ತಾರೆ, ಇಬ್ಬರು ರೊಕ್ಕ ಕೊಡುತ್ತಾರೆ, ಒಬ್ಬರು ಉದ್ರಿ ಬರೆಸುತ್ತಾರೆ. ಕಾರ್ಡ್ ತೆಗೆಯುವವರು ವಾರಕ್ಕೊಬ್ಬರು. ಅದಕ್ಕಾಗಿ ಹನ್ನೆರಡು ಅಧ್ಯಾಯದ ಮಾನದಂಡ ಓದುತ್ತ ಕೂತರೆ ಬೇಳೆ ತೂಗುವವರು ಯಾರು? ಮೇಲಾಗಿ ನಮ್ಮ ದೇಶದಲ್ಲಿ ಒಟಿಪಿ ಇಲ್ಲದೆ ಬರೀ ನಂಬರಿನಿಂದ ಏನು ಮಾಡಲಾಗುತ್ತದೆ? ಹುಲಿ ಬಂತು ಹುಲಿ ಬಂತು ಎಂದು ಸಣ್ಣ ವ್ಯಾಪಾರಸ್ಥರನ್ನು ಹೆದರಿಸುವುದೇ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ.

ಬೆಳಗಾವಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಸಾಹುಕಾರರೆ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ಕಾರ್ಡ್ ವಿಭಾಗದಲ್ಲಿ ಇದ್ದಷ್ಟು ವರ್ಷವೂ ವರ್ತಕರಿಂದ ಅದನ್ನೇ ಕೇಳಿದ್ದೇನೆ. 2009ರ ಆಗಸ್ಟಿನಿಂದ ದೇಶದೊಳಗಿನ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೆಯ ದೃಢೀಕರಣ ಕಡ್ಡಾಯವಾಯಿತು, ಅದರಿಂದ ನಮಗೆ ದೊಡ್ಡ ರಕ್ಷಣೆ ಸಿಕ್ಕಿದೆ, ನಿಜ. ಆದರೆ ಹೊರದೇಶದ ಎಷ್ಟೋ ಜಾಲತಾಣಗಳು ಒಟಿಪಿ ಕೇಳದೆ ಬರೀ ನಂಬರು, ಅವಧಿ, ಸಿವಿವಿಯ ಮೇಲೆಯೇ ಹಣ ಎಳೆದುಕೊಳ್ಳುತ್ತವೆ. ಇದಕ್ಕೆ ತಡೆಯಾಗಿ, 2020ರ ಅಕ್ಟೋಬರ್ 1ರಿಂದ ಹೊಸದಾಗಿ ಬರುವ ಕಾರ್ಡುಗಳಲ್ಲಿ ವಿದೇಶಿ ಬಳಕೆಯು ಮುಚ್ಚಿರುತ್ತದೆ, ಬೇಕಾದವರು ತಾವೇ ತೆರೆದುಕೊಳ್ಳಬೇಕು. ಹಾಗಾದರೆ ಅದನ್ನು ತೆರೆದುಕೊಂಡಿರುವವರು ಯಾರು? ಮಗನೋ ಮಗಳೋ ಅಮೆರಿಕದಲ್ಲಿದ್ದು, ವರ್ಷಕ್ಕೊಮ್ಮೆ ಹೋಗಿ ಬರುವ ತಾಯಂದಿರು. ಹೋಗುವಾಗ ಸೊಸೆಗೆಂದು ಇಳಕಲ್ ಸೀರೆ ಫೋನಿನಲ್ಲಿ ಹೇಳಿ ತರಿಸಿಕೊಳ್ಳುವವರೂ ಅವರೇ. ಆ ವಹಿಯಲ್ಲಿರುವುದು ಆಯ್ದು ಆಯ್ದು ಇಟ್ಟಂಥ ಪಟ್ಟಿ.

ಅರ್ಧ ನಂಬರು ಸಿಕ್ಕರೆ ಏನಾಗುತ್ತದೆ ಎಂದೂ ಕೆಲವರು ಕೇಳುತ್ತಾರೆ. ಹದಿನಾರು ಅಂಕಿಗಳಲ್ಲಿ ಮೊದಲ ಆರು ಅಥವಾ ಎಂಟು ಅಂಕಿ ಬ್ಯಾಂಕಿನ ಗುರುತು, ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಮೊದಲ ಆರು, ಕೊನೆಯ ನಾಲ್ಕು ಗೊತ್ತಿದ್ದರೆ ನಡುವೆ ಹತ್ತು ಲಕ್ಷ ಸಾಧ್ಯತೆಗಳಿವೆ ಎನಿಸುತ್ತದೆ. ತಾಳೆಯ ಲೆಕ್ಕ ಹಚ್ಚಿದರೆ ಅದು ಒಂದು ಲಕ್ಷಕ್ಕೆ ಇಳಿಯುತ್ತದೆ. ಮೊದಲ ಎಂಟು ಗೊತ್ತಿದ್ದರೆ ಬರೀ ಒಂದು ಸಾವಿರ. ಕೊನೆಯ ನಾಲ್ಕನ್ನು ಮಾತ್ರ ಬರೆದುಕೊಳ್ಳಿ ಎಂದು ಅಕ್ಕಾವರು ಹೇಳಿದ್ದರ ಹಿಂದೆ ಈ ಗಣಿತವಿದೆ.

ಆದರೆ ನನಗೆ ಇವೆರಡಕ್ಕಿಂತ ಹೆಚ್ಚು ಕಳವಳವಾದದ್ದು ಆ ಹುಡುಗನ ಮಾತು: “ಒಟಿಪಿ ಬಂತೇನ್ರಿ ಬಾಯಾರ? ಹೇಳ್ರಿ.” ತಮ್ಮಾ, ನಿಮ್ಮ ಹುಡುಗ ಪ್ರಾಮಾಣಿಕ. ಆದರೆ ಆ ತಾಯಿಗೆ, ಫೋನಿನಲ್ಲಿ ನಯವಾಗಿ ಕೇಳಿದವರಿಗೆ ಒಟಿಪಿ ಹೇಳಿದರೆ ಸೀರೆ ಮನೆಗೆ ಬರುತ್ತದೆ ಎಂದು ನೀವು ಹತ್ತು ವರ್ಷ ರೂಢಿ ಮಾಡಿಸಿದ್ದೀರಿ. ನಾಳೆ ಬೇರೊಬ್ಬ ಅವರ ಹೆಸರು ಹಿಡಿದು, ಊರು ಹೇಳಿ, ಕಾರ್ಡಿನ ಹದಿನಾರೂ ಅಂಕಿ ಓದಿ, ನಿಮ್ಮ ಕಾರ್ಡ್ ಬಂದ್ ಆಗುತ್ತದೆ ಎಂದು ಅದೇ ದನಿಯಲ್ಲಿ ಕೇಳಿದರೆ ಅವರು ಹಿಂದೆಮುಂದೆ ನೋಡುವುದಿಲ್ಲ. ಆ ಮೇಲೆ ಕಾನೂನೂ ಅವರ ಕೈ ಹಿಡಿಯುವುದು ಕಷ್ಟ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಣ ಹೋಗಿ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ಆದರೆ ತಮ್ಮ ಕಾರ್ಡಿನ ಗುಟ್ಟನ್ನು ತಾವೇ ಹಂಚಿಕೊಂಡದ್ದು ನಿರ್ಲಕ್ಷ್ಯವೆಂದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವರ ತಲೆಯ ಮೇಲೆ. ನಿಮಗೆ ಹೇಳಿದ್ದನ್ನೇ ಅವರ ವಿರುದ್ಧ ತೋರಿಸಬಹುದು.

ವಿಜಯಪುರದ ಕಿರಾಣಿ ವರ್ತಕ

ರಾಯರೆ, ಅಮೆರಿಕದ ಮಕ್ಕಳ ಮಾತು ಒಪ್ಪಿದೆ. ನನ್ನ ತಂಗಿಯೂ ಹಾಗೆಯೇ ಹೋಗಿ ಬರುವವಳು. ಆದರೆ ಬೇಳೆ ತೂಗುವ ಪ್ರಶ್ನೆ ಹಾಗೆಯೇ ಉಳಿಯಿತು.

ಬೆಳಗಾವಿಯ ಲೆಕ್ಕಪರಿಶೋಧಕಿ

ಅಣ್ಣಾವರೆ, ಅದಕ್ಕೂ ಉತ್ತರವಿದೆ. ವರ್ಷಕ್ಕೆ ಕೆಲವೇ ಸಾವಿರ ಕಾರ್ಡ್ ವ್ಯವಹಾರ ಮಾಡುವ ನಮ್ಮಂಥವರನ್ನು ಕಾರ್ಡ್ ಜಾಲಗಳು ಕೊನೆಯ ದರ್ಜೆಗೆ, ಅಂದರೆ ನಾಲ್ಕನೆಯ ಹಂತಕ್ಕೆ ಸೇರಿಸುತ್ತವೆ. ಹೊರಗಿನ ಪರೀಕ್ಷಕರು ಬರುವುದಿಲ್ಲ. ನಾವೇ ಉತ್ತರಿಸುವ ಪ್ರಶ್ನಾವಳಿ ಸಾಕು. ಕಾರ್ಡಿನ ಅಂಕಿಗಳನ್ನು ಎಲ್ಲಿಯೂ ಇಡದೆ, ಬ್ಯಾಂಕ್ ಕೊಟ್ಟ ಮಷೀನಿನಲ್ಲಿ ಮಾತ್ರ ಕಾರ್ಡ್ ತೆಗೆದುಕೊಳ್ಳುವ ಅಂಗಡಿಗೆ ಆ ಪ್ರಶ್ನಾವಳಿ ಚಿಕ್ಕದು. ಕಂಪ್ಯೂಟರಿನಲ್ಲಿ ನಂಬರು ಉಳಿಸಿಟ್ಟರೆ ಎಲ್ಲಕ್ಕಿಂತ ಉದ್ದದ ಪ್ರಶ್ನಾವಳಿ ನಿಮ್ಮ ಪಾಲಿಗೆ ಬರುತ್ತದೆ. ಉಳಿಸಿಡದೇ ಇದ್ದರೆ ಬೇಳೆ ತೂಗಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಬಾದಾಮಿಯ ವಸತಿಗೃಹದವರು

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮದು ಹದಿನಾಲ್ಕು ಕೋಣೆಗಳ ವಸತಿಗೃಹ. ಮೇಣಬಸದಿ, ಐಹೊಳೆ, ಪಟ್ಟದಕಲ್ಲು ನೋಡಲು ಬರುವವರು, ಚಳಿಗಾಲದಲ್ಲಿ ಬಂಡೆ ಹತ್ತಲು ಬರುವ ವಿದೇಶಿ ಹುಡುಗರು ನಮ್ಮ ಅತಿಥಿಗಳು. ಕೋಣೆ ಕಾಯ್ದಿರಿಸಿ ಬಾರದೆ ಹೋದರೆ ನಷ್ಟವಾಗುತ್ತದೆಂದು, ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಮಿಂಚಂಚೆಯಲ್ಲಿ ಕಳಿಸಿರಿ ಎಂದು ನಾವೇ ಕೇಳುತ್ತಿದ್ದೆವು. ಅದನ್ನು ಮುದ್ರಿಸಿ, ವಿದೇಶಿಯರು ತಂಗಿದ್ದನ್ನು ಸರ್ಕಾರಕ್ಕೆ ತಿಳಿಸುವ ಸಿ-ಫಾರ್ಮಿಗೆಂದು ತೆಗೆದುಕೊಂಡ ಪಾಸ್‌ಪೋರ್ಟ್ ಪ್ರತಿಯ ಜೊತೆ ಪಿನ್ ಮಾಡಿ, ಸ್ವಾಗತ ಮೇಜಿನ ಎರಡನೆಯ ಖಾನೆಯಲ್ಲಿ ಇಡುತ್ತಿದ್ದೆವು. ಖಾನೆಗೆ ಕೀಲಿ ಇತ್ತು. ಕೀಲಿಕೈ ಪಕ್ಕದ ಮೊಳೆಗೆ ತೂಗುತ್ತಿತ್ತು.

ಒಂದು ವರ್ಷ ಬೇಸಿಗೆಯಲ್ಲಿ, ಹಿಂದಿನ ಚಳಿಗಾಲದಲ್ಲಿ ಬಂದುಹೋದ ಅತಿಥಿಯೊಬ್ಬರು ಪತ್ರ ಬರೆದರು. ತಮ್ಮ ಕಾರ್ಡಿನಿಂದ ಯಾವುದೋ ಊರಲ್ಲಿ ಯಾರೋ ವಿಮಾನದ ಟಿಕೆಟು ಕೊಂಡಿದ್ದಾರೆ, ಕಾರ್ಡಿನ ಫೋಟೋವನ್ನು ತಾವು ಕೊಟ್ಟದ್ದು ಜಗತ್ತಿನಲ್ಲಿ ನಮಗೊಬ್ಬರಿಗೇ ಎಂದು ತಿಳಿಸಿದ್ದರು. ಬೈದಿರಲಿಲ್ಲ, ಪರಿಹಾರ ಕೇಳಿರಲಿಲ್ಲ. ನನ್ನ ಹುಡುಗರು ಹಾಗೆ ಮಾಡಿಲ್ಲವೆಂದು ಇವತ್ತಿಗೂ ನಂಬಿದ್ದೇನೆ. ಆದರೆ ಉತ್ತರ ಬರೆಯಲು ಕೂತಾಗ, ಆ ಖಾನೆಯನ್ನು ಯಾರು ಯಾವಾಗ ತೆರೆದರು, ಮಿಂಚಂಚೆಯ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು, ಆ ವರ್ಷ ಕೆಲಸ ಬಿಟ್ಟು ಹೋದವನ ಫೋನಿನಲ್ಲಿ ಏನು ಉಳಿದಿದೆ ಎಂಬ ಒಂದು ಪ್ರಶ್ನೆಗೂ ನನ್ನ ಬಳಿ ಉತ್ತರವಿರಲಿಲ್ಲ. ನಾವು ಮಾಡಿಲ್ಲ ಎಂದು ಬರೆಯಲು ಬೇಕಾದ ಆಧಾರವೇ ಇಲ್ಲದ ಆ ಹೊತ್ತು ನನಗೆ ಬಹಳ ಕೆಟ್ಟದ್ದೆನಿಸಿತು.

ಈಗ ಒಂದು ರಾತ್ರಿಯ ಮುಂಗಡವನ್ನು ಪಾವತಿ ಲಿಂಕಿನಲ್ಲಿ ತೆಗೆದುಕೊಳ್ಳುತ್ತೇವೆ. ಅತಿಥಿ ಬಂದ ಮೇಲೆ ಕಾರ್ಡನ್ನು ಅವರ ಕೈಯಿಂದಲೇ ಮಷೀನಿಗೆ ಹಾಕಿಸಿ, ಬ್ಯಾಂಕು ಕೊಟ್ಟಿರುವ ಮುಂಗಡ ಒಪ್ಪಿಗೆಯ ಸೌಲಭ್ಯದಲ್ಲಿ ಮೊತ್ತವನ್ನು ತಡೆಹಿಡಿದು, ಹೋಗುವಾಗ ಲೆಕ್ಕ ಮುಗಿಸುತ್ತೇವೆ. ಹಳೆಯ ಮಿಂಚಂಚೆಗಳನ್ನು ಅಳಿಸಲು ಮೂರು ದಿನ ಹಿಡಿಯಿತು. ಬಂದ ಪತ್ರ ಅಳಿಸಿದರೆ ನಮ್ಮ ಉತ್ತರದ ಕೆಳಗೆ ಅದೇ ಫೋಟೋ ಇರುತ್ತಿತ್ತು, ಅದನ್ನು ಅಳಿಸಿದರೆ ಕಸದ ಬುಟ್ಟಿಯಲ್ಲಿ, ಅದೂ ಖಾಲಿಯಾದರೆ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ. ಯಾರಾದರೂ ಈಗಲೂ ಕೇಳದೆಯೇ ಕಾರ್ಡಿನ ಫೋಟೋ ಕಳಿಸಿದರೆ, ಆ ಫೋಟೋ ಉಳಿಯದಂತೆ ಹೊಸ ಪತ್ರದಲ್ಲಿ ಉತ್ತರ ಬರೆದು, ಬಂದದ್ದನ್ನು ಕೂಡಲೇ ಅಳಿಸುತ್ತೇವೆ.

ವಿಜಯಪುರದ ಕ್ಯಾಮೆರಾ ಮತ್ತು ಕಂಪ್ಯೂಟರ್ ದುರಸ್ತಿಯವರು

ಎಲ್ಲರೂ ಕಾಗದದ ಮಾತಾಡಿದ್ದಾರೆ; ನಾನು ಛತ್ತಿನ ಮಾತಾಡುತ್ತೇನೆ. ಗಲ್ಲೆಯ ನೆತ್ತಿಯ ಮೇಲೆ ಕ್ಯಾಮೆರಾ ಕೂಡಿಸಿರೆಂದು ಪ್ರತಿಯೊಬ್ಬ ಮಾಲೀಕರೂ ಹೇಳುತ್ತಾರೆ, ನೋಟು ಎಣಿಸುವ ಕೈ ಕಾಣಬೇಕು ಎಂಬುದು ಅವರ ಉದ್ದೇಶ. ಮೊದಲಿನ ಕ್ಯಾಮೆರಾಗಳಲ್ಲಿ ಕೈಯಷ್ಟೇ ಕಾಣುತ್ತಿತ್ತು. ಈಗಿನವುಗಳಲ್ಲಿ ಪಿನ್ ಒತ್ತುವ ಬೆರಳೂ ಕಾಣುತ್ತದೆ, ಮೇಜಿನ ಮೇಲೆ ಮಲಗಿಸಿದ ಕಾರ್ಡಿನ ಅಂಕಿಯೂ ಓದಲು ಬರುತ್ತದೆ. ಊರಿನ ಒಂದು ಖಾನಾವಳಿಯಲ್ಲಿ ದೃಶ್ಯ ಸಂಗ್ರಹಿಸುವ ಪೆಟ್ಟಿಗೆ ಕೆಟ್ಟಿದೆಯೆಂದು ಕರೆದರು. ಅದರ ಪಾಸ್‌ವರ್ಡ್ ಏನೆಂದು ಕೇಳಿದರೆ, ಪೆಟ್ಟಿಗೆಯ ಬೆನ್ನಿಗೆ ಕಂಪನಿಯವರು ಅಂಟಿಸಿದ್ದನ್ನೇ ತೋರಿಸಿದರು. ಮಾಲೀಕರು ಮನೆಯಿಂದ ನೋಡಲೆಂದು ಅದನ್ನು ಇಂಟರ್‌ನೆಟ್ಟಿಗೂ ಜೋಡಿಸಿದ್ದರು. ಒಂದು ದೃಶ್ಯವನ್ನು ನಿಲ್ಲಿಸಿ ಹಿಗ್ಗಿಸಿ ತೋರಿಸಿದಾಗ, ಊಟಕ್ಕೆ ಬಂದವರ ಕಾರ್ಡಿನ ಬೆನ್ನಿನ ಮೂರು ಅಂಕಿಯನ್ನು ಮಾಲೀಕರು ತಾವೇ ಗಟ್ಟಿಯಾಗಿ ಓದಿ, ಆಮೇಲೆ ಸುಮ್ಮನಾದರು.

ಪರಿಹಾರಕ್ಕೆ ಖರ್ಚಿಲ್ಲ. ಕ್ಯಾಮೆರಾವನ್ನು ಒಂದು ಗೇಣು ತಿರುಗಿಸಿದರೆ ಗಲ್ಲೆ ಕಾಣುತ್ತದೆ, ಮಷೀನು ಕಾಣುವುದಿಲ್ಲ. ಕಂಪನಿಯ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಗಿರಾಕಿಗಳಿಗೆ ಕೊಡುವ ವೈಫೈ ಬೇರೆ, ಬಿಲ್ಲಿನ ಕಂಪ್ಯೂಟರಿನದು ಬೇರೆ ಇರಬೇಕು. ಈಗಿನ ಬಹಳಷ್ಟು ರೂಟರುಗಳಲ್ಲಿ ಅತಿಥಿಗಳಿಗೆ ಬೇರೆ ಜಾಲ ತೆರೆಯುವ ಸೌಲಭ್ಯ ಇದ್ದೇ ಇರುತ್ತದೆ. ದುರಸ್ತಿಗೆಂದು ನನ್ನಂಥವರಿಗೆ ದೂರದಿಂದ ಕಂಪ್ಯೂಟರ್ ತೆರೆಯುವ ದಾರಿ ಕೊಟ್ಟಿದ್ದರೆ, ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಿರಿ. ನನ್ನ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕಿಕೊಂಡಂತೆ ಕಂಡರೂ ಹೇಳುತ್ತೇನೆ: 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಹೋದಾಗ, ಕಳ್ಳರು ಒಳಗೆ ಬಂದದ್ದು ತಂಪು ಯಂತ್ರಗಳ ಕೆಲಸ ಮಾಡುವ ಗುತ್ತಿಗೆದಾರರಿಗೆ ಕೊಟ್ಟಿದ್ದ ಲಾಗಿನ್ ಹಿಡಿದು.

ಗೋಕಾಕದ ಕರದಂಟಿನ ಅಂಗಡಿಯವರು

ಮಷೀನಿನಿಂದ ಬರುವ ನಮ್ಮ ಪಾಲಿನ ಚೀಟಿಯನ್ನು ಎಷ್ಟು ದಿನ ಇಡಬೇಕು? ನಮ್ಮಲ್ಲಿ ಅವು ಕರದಂಟಿನ ಖಾಲಿ ಡಬ್ಬಿಗಳಲ್ಲಿ ತುಂಬಿ ಕೂತಿವೆ, ಅರ್ಧಕ್ಕರ್ಧ ಬೆಳ್ಳಗಾಗಿವೆ.

ಬೆಳಗಾವಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಎಷ್ಟು ದಿನವೆಂಬುದು ನಿಮ್ಮ ಬ್ಯಾಂಕಿನ ಕರಾರಿನಲ್ಲಿ ಬರೆದಿರುತ್ತದೆ. ಅಷ್ಟು ದಿನ ಇಟ್ಟು, ಮೇಲೆ ಒಂದು ದಿನವೂ ಇಡಬೇಡಿ. ಶಾಖಕ್ಕೆ ಮೂಡುವ ಅಕ್ಷರ ಶಾಖಕ್ಕೇ ಮಾಸುತ್ತದೆ, ಆದ್ದರಿಂದ ಪಾಕದ ಒಲೆಯಿಂದ ದೂರ, ಕಾಗದದ ಲಕೋಟೆಯಲ್ಲಿ ತಿಂಗಳುವಾರು ಇಡಿರಿ. ಈಗಿನ ಚೀಟಿಗಳಲ್ಲಿ ನಂಬರಿನ ನಡುವಿನ ಅಂಕಿಗಳನ್ನು ಮರೆಮಾಡಿರುತ್ತಾರೆ. ಡಬ್ಬಿಯ ತಳದಲ್ಲಿ ಪೂರ್ಣ ನಂಬರಿನ ಹಳೆಯ ಚೀಟಿಗಳು ಸಿಕ್ಕರೆ ಅವನ್ನು ಮೊದಲು ನಾಶ ಮಾಡಿರಿ.

ಮಷೀನಿನ ಮಾತು ಬಂದದ್ದರಿಂದ ಒಂದು ಪ್ರಸಂಗ ಹೇಳುತ್ತೇನೆ. ಮದುವೆಯ ಹಂಗಾಮಿನಲ್ಲಿ, ಒಂದು ಬಟ್ಟೆ ಅಂಗಡಿಗೆ ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಯುವಕನೊಬ್ಬ ಬಂದು, ನಿಮ್ಮ ಮಷೀನಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕು, ಇದನ್ನು ಕೊಡಿ, ಅಲ್ಲಿಯವರೆಗೆ ಇದನ್ನು ಬಳಸಿರಿ ಎಂದು ತನ್ನ ಚೀಲದಿಂದ ಅದೇ ಬಣ್ಣದ ಇನ್ನೊಂದನ್ನು ತೆಗೆದ. ಗಲ್ಲೆಯ ಮೇಲಿದ್ದ ಹೆಣ್ಣುಮಗಳು ಮಷೀನನ್ನು ಮಗುಚಿ, ತಾನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಕ್ರಮಸಂಖ್ಯೆಯೊಡನೆ ತಾಳೆ ನೋಡಿ, “ಬ್ಯಾಂಕಿಗೆ ಫೋನ್ ಮಾಡಿ ಕೇಳ್ತೀನಿ, ಚಹಾ ಕುಡೀರಿ” ಎಂದಳು. ಚಹಾ ಬರುವಷ್ಟರಲ್ಲಿ ಅವನು ಇರಲಿಲ್ಲ. ಯಾವ ಮಷೀನು, ಎಲ್ಲಿದೆ, ಕ್ರಮಸಂಖ್ಯೆಯೇನು ಎಂಬ ಪಟ್ಟಿ ಇಟ್ಟು, ಆಗಾಗ ಕಣ್ಣಾಡಿಸಿ, ಕೆಲಸದವರಿಗೂ ಕಲಿಸಬೇಕೆಂದು ಮಾನದಂಡದ 9ನೆಯ ಬೇಡಿಕೆ ಹೇಳುತ್ತದೆ. ಆ ಹೆಣ್ಣುಮಗಳು ಅದನ್ನು ಓದಿರಲಿಲ್ಲ. ಮೊದಲ ದಿನ ಮಷೀನು ಕೂಡಿಸಲು ಬಂದವರು ಸಂಖ್ಯೆ ಬರೆದಿಟ್ಟುಕೊಳ್ಳಿ ಎಂದದ್ದಕ್ಕೆ ಬರೆದಿಟ್ಟಿದ್ದಳು.

ಇನ್ನು ಗಿರಾಕಿಗಳಿಗೆ ತಿಳಿಸುವ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ, ಅವಧಿ ಮುಗಿದ ಕಾರ್ಡಿನವರಿಗೆಲ್ಲ ಫೋನ್ ಮಾಡಿ ಗಾಬರಿ ಹುಟ್ಟಿಸಬೇಕಿಲ್ಲ.

ಬೆಳಗಾವಿಯ ಲೆಕ್ಕಪರಿಶೋಧಕಿ

ಸರ್, ಇಲ್ಲಿ ನನ್ನ ಮತ ಸ್ವಲ್ಪ ಬೇರೆ. ಕೆಲವು ಬ್ಯಾಂಕುಗಳು ಕಾರ್ಡನ್ನು ನವೀಕರಿಸುವಾಗ ಹದಿನಾರು ಅಂಕಿಗಳನ್ನು ಹಾಗೆಯೇ ಇಟ್ಟು ಅವಧಿ ಮತ್ತು ಸಿವಿವಿ ಮಾತ್ರ ಬದಲಿಸುತ್ತವೆ. ಈಚಿನ ವರ್ಷಗಳಲ್ಲಿ ಅವಧಿ ಮುಗಿದವರಿಗೂ ಒಂದು ಮಾತು ತಿಳಿಸುವುದು ಒಳ್ಳೆಯದು; ಅವಧಿ ಮುಗಿಯದವರಿಗಂತೂ ಇವತ್ತೇ ತಿಳಿಸಿ, ಕಾರ್ಡ್ ಬದಲಿಸಿಕೊಳ್ಳಲು ಹೇಳಬೇಕು. ಸೋರಿಕೆ ಆಗಿರುವ ಸುಳಿವು ಸಿಕ್ಕರೆ ಬ್ಯಾಂಕಿಗೆ ಕೂಡಲೇ ತಿಳಿಸುವುದು, ಹಣ ಹೋಗಿದ್ದರೆ ಗಿರಾಕಿಯು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಕಂಪ್ಯೂಟರಿಗೇ ಕನ್ನ ಬಿದ್ದಿದ್ದರೆ, 2022ರ ಏಪ್ರಿಲ್ 28ರ ನಿರ್ದೇಶನದಂತೆ 6 ತಾಸಿನೊಳಗೆ, ಕೇಂದ್ರ ಸರ್ಕಾರದ ಸೈಬರ್ ಭದ್ರತೆ ನೋಡುವ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡುವ ಹೊಣೆಯೂ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ಇಡದಿದ್ದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಸೀರೆ ಅಂಗಡಿಗೆ ಅಷ್ಟು ಹಾಕುತ್ತಾರೆಂದಲ್ಲ, ಕಾಲ ಎತ್ತ ಹೋಗುತ್ತಿದೆ ಎಂದು ತಿಳಿಯಲಿ ಎಂದು ಹೇಳಿದೆ.

ಇಳಕಲ್ಲಿನ ಸೀರೆ ವ್ಯಾಪಾರಿ

ಅಕ್ಕಾವರಿಗೂ, ಬ್ಯಾಂಕಿನ ಕಾಕಾ ಅವರಿಗೂ, ಬಾದಾಮಿಯ ಅಣ್ಣಾವರಿಗೂ ಶರಣು. ಹದಿನೈದು ದಿನದಲ್ಲಿ ಆದದ್ದನ್ನು ತಿಳಿಸುತ್ತೇನೆ.

ಬ್ರೌಸರಿನಲ್ಲಿ ಹತ್ತೊಂಬತ್ತು ಕಾರ್ಡುಗಳಿದ್ದವು. ಅಳಿಸಿದೆವು, ಉಳಿಸಿಕೊಳ್ಳುವ ಸೌಲಭ್ಯವನ್ನೇ ಬಂದ್ ಮಾಡಿದೆವು. ವಹಿಗಳನ್ನು ಅಂಗಡಿ ಮುಚ್ಚಿದ ಮೇಲೆ ಬಿಡಿಸಿಕೊಂಡು ಕೂತೆವು. ಒಟ್ಟು 143 ನಂಬರು, ಅವುಗಳಲ್ಲಿ ಅವಧಿ ಮುಗಿಯದವು 31. ಕಾಕಾ ಅವರು ಹೇಳಿದ ಗಾಬರಿಯ ಮಾತನ್ನೂ ನೆನಪಿಟ್ಟುಕೊಂಡು, ಆ 31 ಜನಕ್ಕೆ ನಾನೇ ಫೋನ್ ಮಾಡಿದೆ. ಹೆಚ್ಚಿನವರು ಒಳ್ಳೆಯದಾಯಿತು ಎಂದರು. ಇಬ್ಬರು ನನ್ನನ್ನೇ ಮೋಸಗಾರನೆಂದು ತಿಳಿದು ಫೋನ್ ಇಟ್ಟರು. ಅದು ನನಗೆ ಸಮಾಧಾನವನ್ನೇ ಕೊಟ್ಟಿತು. ಅವರಿಗೆ ಅಪ್ಪನ ಕೈಯಲ್ಲಿ ಪತ್ರ ಬರೆಸಿ ಅಂಚೆಯಲ್ಲಿ ಕಳಿಸಿದೆ.

ಹಾಳೆ ಕತ್ತರಿಸುವಾಗ ಅಕ್ಕಾವರ ಮಾತು ನಿಜವಾಯಿತು, ಅದಕ್ಕಿಂತ ಹೆಚ್ಚೂ ಆಯಿತು. ಎರಡು ವಹಿಗಳು ಕಾರ್ಬನ್ ಹಾಕಿ ಬರೆದಂಥವು. ಮೇಲಿನ ಹಾಳೆಯನ್ನು ಕತ್ತರಿಸಿ ಮುಗಿಸಿದೆವೆಂದು ಕೈ ತೊಳೆಯಲು ಎದ್ದಾಗ, ಕೆಳಗಿನ ಪ್ರತಿಯಲ್ಲಿ ಅವೇ ಹದಿನಾರು ಅಂಕಿಗಳು ನೀಲಿಯಾಗಿ ನಗುತ್ತ ಕೂತಿದ್ದವು. ಬಳಸಿ ಬಿಟ್ಟ ಕಾರ್ಬನ್ ಹಾಳೆಗಳು ಕೂಡ ರಟ್ಟಿನ ಜೇಬಿನಲ್ಲಿಯೇ ಇದ್ದವು. ಬೆಳಕಿಗೆ ಹಿಡಿದರೆ ಅವುಗಳಲ್ಲಿಯೂ ಓದಲು ಬರುತ್ತಿತ್ತು. ಮತ್ತೆ ಎರಡು ರಾತ್ರಿ ಹಿಡಿಯಿತು.

ಕತ್ತರಿಸಿದ ಪಟ್ಟಿಗಳನ್ನು ಸುಡಲು ಅಪ್ಪ ಕಡೆಗೂ ಒಪ್ಪಲಿಲ್ಲ. ಹರಿದು, ಸುಟ್ಟು, ಇಲ್ಲವೆ ನೆನೆಸಿ ಹಿಟ್ಟು ಮಾಡಿ ನಾಶಪಡಿಸಬಹುದೆಂದು ಮಾನದಂಡದಲ್ಲಿ ಇರುವುದನ್ನು ಓದಿ ಹೇಳಿದೆ. ಹಿಟ್ಟು ಎಂದ ಕೂಡಲೇ ಅವರು ಎದ್ದು ಹೋಗಿ, ಅಜ್ಜನ ಕಾಲದಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದ ತಾಮ್ರದ ಹಂಡೆಯನ್ನು ಇಳಿಸಿ ತಂದರು. “ಗಣಪ್ಪನ್ನೂ ನೀರಿಗೇ ಬಿಡ್ತೀವಲ್ಲ” ಎಂದರು. ಮೂರು ದಿನ ನೆನೆದ ಮೇಲೆ ಅವರೇ ತೋಳೇರಿಸಿ ನಾದಿದರು. ಬಾಲ್‌ಪೆನ್ನಿನ ಶಾಯಿ ಕರಗುವುದಿಲ್ಲ, ಆದರೆ ಕಾಗದವೇ ರೊಟ್ಟಿಯ ಹಿಟ್ಟಿನಂತಾದ ಮೇಲೆ ಯಾವ ಅಂಕಿಯ ಪಕ್ಕ ಯಾವುದಿತ್ತೆಂದು ಹೇಳುವವರಿಲ್ಲ. ಕಾರ್ಬನ್ ಮಾತ್ರ ನೆನೆಯದು. ಅದನ್ನು ನಾನು ಹಿತ್ತಲಲ್ಲಿ ಸುಟ್ಟೆ, ಅಪ್ಪ ನೋಡಿದರೂ ನೋಡದಂತೆ ಇದ್ದರು.

ನಿನ್ನೆ ಧಾರವಾಡದಿಂದ ಹಳೆಯ ಗಿರಾಕಿ ಬಾಯಾರೊಬ್ಬರ ಫೋನ್ ಬಂತು. “ನಂಬರ್ ಬರ್ಕೋಪಾ” ಎಂದು ಓದಲು ಶುರು ಮಾಡಿದರು. ಹುಡುಗ ಎರಡನೆಯ ಅಂಕಿಗೇ ತಡೆದು, “ಬ್ಯಾಡ್ರಿ ಬಾಯಾರ, ನಿಮ್ಮ ಫೋನಿಗೆ ಲಿಂಕ್ ಕಳಸ್ತೀವಿ, ತಗದರ ನಮ್ಮ ಅಂಗಡಿ ಹೆಸರು, ಮೂರು ಸಾವಿರದ ಎಂಟನೂರು ಅಂತ ಕಾಣತೈತಿ, ಬ್ಯಾರೆ ಏನಾರ ಕಂಡ್ರ ಒತ್ತಬ್ಯಾಡ್ರಿ, ಒಟಿಪಿ ನಮಗೂ ಹೇಳಬ್ಯಾಡ್ರಿ” ಎಂದ. ಅವರಿಗೆ ಸಿಟ್ಟು ಬಂತು; ಇಷ್ಟು ವರ್ಷ ಇಲ್ಲದ್ದು ಈಗೇನು ಎಂದು ಕೇಳಿದರು. ಅಪ್ಪ ಫೋನ್ ಇಸಿದುಕೊಂಡು ಬಹಳ ಹೊತ್ತು ಮಾತಾಡಿದರು. ಮೊಮ್ಮಗ ಸಂಜೆ ಕಾಲೇಜಿನಿಂದ ಬಂದ ಮೇಲೆ ನೋಡುತ್ತೇನೆ ಎಂದು ಅವರು ಇಟ್ಟರು. ಸೀರೆಯನ್ನು ಅವರ ಹೆಸರು ಬರೆದು ಬದಿಗಿಟ್ಟೆವು. ರಾತ್ರಿ ಒಂಬತ್ತಕ್ಕೆ ಹಣ ಬಂತು. ಹೊಸ ವಹಿಯಲ್ಲಿ ಅಪ್ಪ ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು ಬರೆದು, ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದರು.